ಎಕ್ಸ್‌ಪ್ರೆಸ್‌ವೇ ಬಿಟ್ಟು ಹಳೇ ರಸ್ತೆಯಲ್ಲಿ: ಬಿಡದಿ, ರಾಮನಗರ, ಚನ್ನಪಟ್ಟಣ

ಮೊದಲ ದಿನ: ಬಿಡದಿ, ಬೈರಮಂಗಲ

ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುವುದಿಲ್ಲ. 2023ರ ಆಗಸ್ಟ್ 1ರಿಂದ ಈ ನಿಯಮ ಇದೆ. ಸ್ಕೂಟರ್ ಹತ್ತಿ ಹೊರಟವರಿಗೆ ಸರ್ವೀಸ್ ರಸ್ತೆ, ಆಮೇಲೆ ಊರೊಳಗೆ ಹೋಗುವ ಹಳೇ ರಸ್ತೆಯೇ ಗತಿ. ನಮಗೆ ಬೇಕಾಗಿದ್ದೂ ಅದೇ. ರಾಮನಗರ ಜಿಲ್ಲೆಯ ಹೆಸರು 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಬದಲಾಯಿತಲ್ಲ, ಬೋರ್ಡು ಬಿಟ್ಟು ಇನ್ನೇನು ಬದಲಾಗಿದೆ ಅಂತ ನೋಡಿಕೊಂಡು ಬರೋಣ ಅಂದವರು ನಮ್ಮ ಭಾವ. ಸಹಕಾರಿ ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡಿ ನೋಡಿಯೇ ರಿಟೈರ್ ಆದವರು. ಯಾವ ಊರಿಗೆ ಹೋದರೂ ಅವರ ಮೊದಲ ಪ್ರಶ್ನೆ ಒಂದೇ: "ಇಲ್ಲಿ ಜನಕ್ಕೆ ದುಡಿಮೆ ಏನು?"

ಜೂನ್ ತಿಂಗಳು. ಕೆಂಗೇರಿ ದಾಟುವಾಗಲೇ ಸಣ್ಣಗೆ ಹನಿಯುತ್ತಿತ್ತು. ಬಿಡದಿಗೆ ಬರುವ ಹೊತ್ತಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಇಲ್ಲಿಗೆ ಬಂದು ತಟ್ಟೆ ಇಡ್ಲಿ ತಿನ್ನದೆ ಹೋಗುವುದುಂಟೇ? ಬಿಸಿ ಇಡ್ಲಿ ಮೇಲೆ ಬೆಣ್ಣೆ ಕರಗಿ ಅಂಚಿಗೆ ಹರಿಯುತ್ತಿತ್ತು. ಚಟ್ನಿ ನೀರಾಗಿತ್ತು, ಆದರೆ ಖಾರ ಸರಿಯಾಗಿತ್ತು. ಎರಡು ತಿಂದರೆ ಮಧ್ಯಾಹ್ನದವರೆಗೆ ಚಿಂತೆಯಿಲ್ಲ.

ಗಲ್ಲಾದಲ್ಲಿ ಕೂತವರು ಸಲೀಸಾಗಿ ಮಾತಿಗೆ ಸಿಕ್ಕರು. ಮೊದಲು ಮೈಸೂರಿಗೆ ಹೋಗುವವರೆಲ್ಲ ಈ ರಸ್ತೆಯಲ್ಲೇ ಹೋಗಬೇಕಿತ್ತು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಬೈದುಕೊಂಡು, ಕೊನೆಗೆ ಇಳಿದು ಇಡ್ಲಿ ತಿನ್ನುತ್ತಿದ್ದರು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಬಿಡದಿಗೂ ಬೈಪಾಸ್, ರಾಮನಗರ-ಚನ್ನಪಟ್ಟಣಕ್ಕೂ ಬೈಪಾಸ್. "ಈಗ ಭಾನುವಾರ ಬೈಕಿನ ಹುಡುಗರು ಬರ್ತಾರೆ. ಉಳಿದ ದಿನ ಫ್ಯಾಕ್ಟರಿ ಶಿಫ್ಟಿನವರೇ ನಮ್ಮನ್ನ ಸಾಕೋದು" ಅಂದರು.

ಫ್ಯಾಕ್ಟರಿ ಅಂದರೆ ಮುಖ್ಯವಾಗಿ ಟೊಯೊಟಾ. 1999ರ ಕೊನೆಯಲ್ಲಿ ಕ್ವಾಲಿಸ್ ಗಾಡಿಯೊಂದಿಗೆ ಇಲ್ಲಿ ಉತ್ಪಾದನೆ ಶುರುವಾಯಿತು. ಅದರ ಸುತ್ತ ಬಿಡಿಭಾಗ ಮಾಡುವ ಕಂಪನಿಗಳು, ಆ ಕಂಪನಿಗಳ ಸುತ್ತ ಪಿಜಿಗಳು, ಪಿಜಿಗಳ ಸುತ್ತ ಮೊಟ್ಟೆ ಅಂಗಡಿಗಳು. ಸಂಜೆ ಶಿಫ್ಟ್ ಬಿಟ್ಟಾಗ ರಸ್ತೆ ತುಂಬ ಒಂದೇ ಬಣ್ಣದ ಅಂಗಿ. 2007ರಲ್ಲಿ ಕಂಪನಿ ಇಲ್ಲೇ ತರಬೇತಿ ಸಂಸ್ಥೆ ಮಾಡಿತು. ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿ ಮಕ್ಕಳನ್ನು ಆರಿಸಿ, ಅಲ್ಲೇ ಇಟ್ಟುಕೊಂಡು ಮೂರು ವರ್ಷ ಕೆಲಸ ಕಲಿಸುತ್ತಾರೆ. ಭಾವನಿಗೆ ಇದು ಬಹಳ ಹಿಡಿಸಿತು. ನನಗೂ ಅಷ್ಟೇ. ಆದರೆ ಜಮೀನು ಕೊಟ್ಟ ಊರಿನವರಿಗೆ ಕೆಲಸ ಎಷ್ಟು ಸಿಕ್ಕಿತು ಅಂತ ಕೇಳಿದರೆ ಗಲ್ಲಾದವರು ಸುಮ್ನೆ ನಕ್ಕು ಚಿಲ್ಲರೆ ಎಣಿಸಿದರು.

ಬಿಡದಿಯಿಂದ ಬೈರಮಂಗಲಕ್ಕೆ ಒಳರಸ್ತೆ ಹಿಡಿದೆವು. ಎರಡೂ ಕಡೆ ಹಿಪ್ಪುನೇರಳೆ, ತೆಂಗು, ಬೇಬಿಕಾರ್ನ್. ನೋಡೋಕೆ ಹಸಿರೋ ಹಸಿರು. ಕೆರೆ ಹತ್ತಿರ ಬಂದ ಹಾಗೆ ಗಾಳಿ ಬದಲಾಯಿತು, ಮೂಗು ಮುಚ್ಚಿಕೊಂಡೆವು. ಬೆಂಗಳೂರಿನ ಕೊಳಚೆ ಹೊತ್ತು ಬರುವ ವೃಷಭಾವತಿ ಬಂದು ನಿಲ್ಲುವುದು ಇಲ್ಲೇ. 1940ರ ದಶಕದಲ್ಲಿ ನೀರಾವರಿಗೆ ಅಂತ ಕಟ್ಟಿದ ಜಲಾಶಯ. ತೂಬಿನ ಹತ್ತಿರ ನೊರೆ ಗುಡ್ಡೆ ಬಿದ್ದಿತ್ತು, ಗಾಳಿಗೆ ಹಾರಿ ಬೇಲಿಗೆ ಮೆತ್ತಿಕೊಳ್ಳುತ್ತಿತ್ತು.

ಅಲ್ಲೇ ನಮ್ಮ ಹಿಂದಿನ ಟೈರ್ ಪಂಕ್ಚರ್. ಅರ್ಧ ಕಿಲೋಮೀಟರ್ ತಳ್ಳಿದ ಮೇಲೆ ಅಂಗಡಿ ಸಿಕ್ಕಿತು. ಈ ಕಡೆ ಬರುವವರು ಟ್ಯೂಬ್‌ಲೆಸ್ ಟೈರ್ ಹಾಕಿಸಿಕೊಂಡು ಬಂದರೆ ಒಳ್ಳೆಯದು, ಟಿಪ್ಪರ್‌ಗಳು ಜಲ್ಲಿ ಉದುರಿಸಿಕೊಂಡೇ ಓಡಾಡುತ್ತವೆ. ಪಂಕ್ಚರ್ ಹಾಕುತ್ತಿದ್ದಷ್ಟು ಹೊತ್ತು ಪಕ್ಕದ ಜಗಲಿಯಲ್ಲಿ ಬೇಬಿಕಾರ್ನ್ ಸುಲಿಯುತ್ತಿದ್ದ ಅಜ್ಜಿಯೊಬ್ಬರ ಜೊತೆ ಮಾತು. ಸಿಪ್ಪೆ ಹಸುವಿಗೆ, ಕಾರ್ನ್ ಬೆಂಗಳೂರಿಗೆ, ಹಾಲು ಡೇರಿಗೆ. ಹದಿನೈದು ದಿನಕ್ಕೊಮ್ಮೆ ಡೇರಿ ದುಡ್ಡು ಬರುತ್ತದೆ, ಅದೇ ಮನೆ ಖರ್ಚು.

ಊರಿನ ಗೋಡೆಗಳ ಮೇಲೆಲ್ಲ ಟೌನ್‌ಶಿಪ್ ವಿರೋಧದ ಬರಹ. ಬಿಡದಿ ಪಕ್ಕದ ಈ ಹಳ್ಳಿಗಳಲ್ಲಿ 7 ಸಾವಿರ ಎಕರೆಗೂ ಹೆಚ್ಚು ಜಾಗದಲ್ಲಿ ಹೊಸ ನಗರ ಕಟ್ಟುವ ಯೋಜನೆ ಅದು. ಬೇಕು ಅನ್ನುವವರೂ ಇದ್ದಾರೆ, ಬೇಡವೇ ಬೇಡ ಅನ್ನುವವರೂ ಇದ್ದಾರೆ. ಅಜ್ಜಿಯದು ಬೇರೆಯೇ ಲೆಕ್ಕ. "ಮೊದ್ಲು ಈ ನೀರು ಸರಿ ಮಾಡ್ಲಿ. ಊರು ಆಮೇಲೆ ಕಟ್ಲಿ." ಭಾವ ಬಡ್ಡಿ, ಪರಿಹಾರ, ನಿವೇಶನ ಅಂತ ಏನೋ ವಿವರಿಸಲು ಹೋದರು. ಅಜ್ಜಿ ಅವರ ಕೈಗೂ ನಾಲ್ಕು ಕಾರ್ನ್ ಕೊಟ್ಟು ಸುಲಿಯಲು ಕೂರಿಸಿದರು.

ರಾತ್ರಿ ರಾಮನಗರದಲ್ಲಿ ಉಳಿದೆವು. ಬಸ್ ಸ್ಟ್ಯಾಂಡ್ ಸುತ್ತ ಸಾಧಾರಣ ಲಾಡ್ಜ್‌ಗಳಿವೆ. ರಸ್ತೆ ಕಡೆಯ ರೂಮು ಬೇಡ ಅಂತ ಮೊದಲೇ ಹೇಳಿಬಿಡಿ. ಊಟಕ್ಕೆ ಮುದ್ದೆ, ಬಸ್ಸಾರು. ಬೆಂಗಳೂರಿನಿಂದ 50 ಕಿಲೋಮೀಟರ್ ದೂರವಷ್ಟೇ, ಸಾರಿನ ರುಚಿ ಮಾತ್ರ ಬೇರೆ.

ಎರಡನೇ ದಿನ: ರಾಮನಗರ

ಬೆಳಗ್ಗೆ ಬೇಗ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋದೆವು. ಏಷ್ಯಾದಲ್ಲೇ ದೊಡ್ಡದು ಅಂತ ಶಾಲೆಯಲ್ಲಿ ಓದಿದ್ದೆ. ಒಳಗೆ ಕಾಲಿಟ್ಟಾಗ ಮೊದಲು ಗೊತ್ತಾಗಿದ್ದು ವಾಸನೆ. ಹಸಿ ಗೂಡಿನ ವಾಸನೆ ಅಷ್ಟು ಕೆಟ್ಟದ್ದೇನಲ್ಲ, ಆದರೆ ಬಟ್ಟೆಗೆ ಹತ್ತಿದರೆ ಸಂಜೆಯವರೆಗೂ ಬಿಡುವುದಿಲ್ಲ. ಬಿಳಿ ಪ್ಯಾಂಟು, ಹೊಸ ಶರ್ಟು ಹಾಕಿಕೊಂಡು ಹೋಗಬೇಡಿ.

ಉದ್ದಕ್ಕೂ ಸಾಲಾಗಿ ಜಾಲರಿಗಳು. ಒಂದೊಂದರಲ್ಲೂ ಒಬ್ಬೊಬ್ಬ ರೈತನ ಲಾಟ್. ಹಳದಿಯವು ಮಿಶ್ರತಳಿ, ಎಲ್ಲರ ಬಾಯಲ್ಲೂ ಅದು ಸಿಬಿ. ಬಿಳಿಯವು ಬೈವೋಲ್ಟೀನ್, ಅಂದರೆ ವರ್ಷಕ್ಕೆ ಎರಡು ಪೀಳಿಗೆಯ ತಳಿ. ಕನಕಪುರ, ಮಾಗಡಿ, ಮಳವಳ್ಳಿ ಕಡೆಯವರು ಬಂದಿದ್ದರು, ತಮಿಳುನಾಡು, ಆಂಧ್ರದಿಂದ ರಾತ್ರಿಯೇ ಹೊರಟು ಬಂದವರೂ ಇದ್ದರು. ರಾತ್ರಿ ಮಳೆಯಾಗಿದ್ದರಿಂದ ಎಲ್ಲರಿಗೂ ಒಂದೇ ಆತಂಕ. ಗೂಡು ತೇವವಾದರೆ ದರ ಇಳಿಯುತ್ತದೆ. ಒಬ್ಬರು ತಮ್ಮ ಲಾಟನ್ನು ಕೈಯಿಂದ ಮೇಲೆ ಕೆಳಗೆ ಮಾಡಿ ಆರಿಸುತ್ತಲೇ ಇದ್ದರು.

ರೀಲರ್‌ಗಳು, ಅಂದರೆ ನೂಲು ಬಿಚ್ಚುವವರು, ಗೂಡು ನೋಡುವ ರೀತಿ ನೋಡಬೇಕು. ಮೇಲಿನದನ್ನು ಯಾರೂ ನಂಬುವುದಿಲ್ಲ. ಮೊಣಕೈವರೆಗೆ ಕೈ ಹಾಕಿ ತಳದ್ದನ್ನು ತೆಗೆಯುತ್ತಾರೆ. ಹೆಬ್ಬೆರಳಲ್ಲಿ ಒತ್ತಿ ಗಟ್ಟಿ ನೋಡುತ್ತಾರೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಹುಳು ಸರಿಯಾಗಿ ಕೋಶವಾಗಿದ್ದರೆ ಟಕ್ ಅನ್ನುತ್ತದೆ, ಕೊಳೆತಿದ್ದರೆ ಸದ್ದೇ ಬರುವುದಿಲ್ಲ. ನನಗೂ ಒಂದು ಕೊಟ್ಟರು. ಟಕ್ ಅಂತು. "ನಿಮ್ಮ ಕಿವಿ ಚೆನ್ನಾಗಿದೆ, ಒಂದು ಲೈಸೆನ್ಸ್ ತಗೊಳ್ಳಿ" ಅಂತ ನಕ್ಕರು.

ಹರಾಜು ಈಗ ಆನ್‌ಲೈನ್. ಮೊದಲಿನ ಕೂಗಾಟ ಇಲ್ಲ. ರೀಲರ್ ಮೊಬೈಲಿನಲ್ಲಿ ಲಾಟ್ ನಂಬರು ಒತ್ತಿ ದರ ಹಾಕುತ್ತಾನೆ. ಸುತ್ತು ಮುಗಿದಾಗ ಹೆಚ್ಚಿನ ದರ ಎಷ್ಟು ಅಂತ ರೈತನಿಗೆ ತಿಳಿಯುತ್ತದೆ. ಒಪ್ಪದಿದ್ದರೆ ಬೇಡ ಅನ್ನಬಹುದು, ಮುಂದಿನ ಸುತ್ತಿಗೆ ಕಾಯಬಹುದು. ಒಪ್ಪಿದರೆ ತೂಕ, ದುಡ್ಡು ನೇರ ಬ್ಯಾಂಕ್ ಖಾತೆಗೆ. ರೀಲರ್ ಮುಂಚೆಯೇ ಹಣ ಕಟ್ಟಿರಬೇಕು. ಮಳವಳ್ಳಿ ಕಡೆಯ ಒಬ್ಬ ರೈತರು ಮೊದಲ ಸುತ್ತಿನ ದರ ತಳ್ಳಿಹಾಕಿದರು. ಎರಡನೇ ಸುತ್ತಿನಲ್ಲಿ ಬರೀ ಎಂಟು ರೂಪಾಯಿ ಏರಿತು. ಅವರ ಮುಖದಲ್ಲಿ ಮಾತ್ರ ಎಂಬತ್ತು ರೂಪಾಯಿಯ ಖುಷಿ. ಬೇಡ ಅನ್ನೋಕೆ ಆಗುತ್ತದೆ ಅನ್ನುವುದೇ ದೊಡ್ಡದು ಅಲ್ವಾ?

ಈ ಪ್ರವಾಸದಲ್ಲಿ ನೋಡಿದ ಸರ್ಕಾರಿ ಕೆಲಸಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾಗಿದ್ದು ಈ ಮಾರುಕಟ್ಟೆಯೇ. ಕಟ್ಟಡ ಚೆನ್ನಾಗಿದೆ ಅಂತಲ್ಲ. ಜಾಗ ಸಾಲದು, ನೆಲ ಜಾರುತ್ತದೆ, ಶೌಚಾಲಯದ ಬಗ್ಗೆ ಕೇಳಲೇಬೇಡಿ. ಆದರೆ ಎಕ್ಸ್‌ಪ್ರೆಸ್‌ವೇ ಬಂದರೂ ಹೋದರೂ ಇದಕ್ಕೆ ಪೆಟ್ಟಾಗಲಿಲ್ಲ. ಇಲ್ಲಿಗೆ ಬರುವವರು ದಾರಿಯಲ್ಲಿ ಸಿಕ್ಕಿತು ಅಂತ ನಿಲ್ಲುವವರಲ್ಲ, ಇಲ್ಲಿಗೇ ಅಂತ ಹೊರಟು ಬರುವವರು. ಚನ್ನಪಟ್ಟಣದ ಕಡೆ ವಂದಾರಗುಪ್ಪೆಯಲ್ಲಿ ಹೈಟೆಕ್ ಮಾರುಕಟ್ಟೆ ಬರುವ ವಿಷಯ ಎತ್ತಿದರೆ ಇಲ್ಲಿನ ಚಹಾ ಅಂಗಡಿಯವರ ಮುಖ ಗಂಟಿಕ್ಕುತ್ತದೆ. ಮಾರುಕಟ್ಟೆ ನಂಬಿ ಹಮಾಲಿಗಳು, ಆಟೋದವರು, ಬಾಡಿಗೆ ಮನೆಯವರು ಎಲ್ಲರೂ ಇದ್ದಾರೆ.

ನನಗೆ ಲೈಸೆನ್ಸ್ ತಗೊಳ್ಳಿ ಅಂದಿದ್ದ ರೀಲರ್ ತಮ್ಮ ಘಟಕಕ್ಕೂ ಕರೆದುಕೊಂಡು ಹೋದರು. ಹಿಂದಿನ ಬೀದಿಯಲ್ಲೇ ಮನೆ, ಮನೆಯ ಹಿಂದೆ ಶೆಡ್ಡು. ಗೂಡು ಬೇಯುವ ಹಬೆಯಲ್ಲಿ ಕನ್ನಡಕ ಮಂಜಾಯಿತು. ಕುದಿನೀರಿನ ಬೇಸಿನ್ ಮುಂದೆ ಕೂತ ಹೆಂಗಸರು ಎಳೆಯ ತುದಿ ಹಿಡಿಯುವುದು ಎಷ್ಟು ಬೇಗ ಅಂದರೆ ನನ್ನ ಕಣ್ಣಿಗೆ ಎಳೆಯೇ ಕಾಣಲಿಲ್ಲ, ಬೆರಳು ಆಡುವುದಷ್ಟೇ ಕಂಡಿತು. ಅವರ ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿತ್ತು.

ಭಾವ ಲೆಕ್ಕಕ್ಕೆ ಕೂತರು. ಇವರ ಲೋಕದಲ್ಲಿ ಎಲ್ಲ ನಿಂತಿರುವುದು ರೆಂಡಿಟ್ಟಾ ಮೇಲೆ. ಒಂದು ಕೆ.ಜಿ. ನೂಲಿಗೆ ಎಷ್ಟು ಕೆ.ಜಿ. ಗೂಡು ಬೇಕು ಅನ್ನುವ ಲೆಕ್ಕ ಅದು. ಒಳ್ಳೇ ಬೈವೋಲ್ಟೀನ್ ಆದರೆ 6ರ ಆಸುಪಾಸು, ಸಿಬಿ ಆದರೆ 7-8. ಗೂಡಿಗೆ ಇವತ್ತೇ ದುಡ್ಡು ಕಟ್ಟಬೇಕು, ನೂಲು ಮಾರಿದ ದುಡ್ಡು ಬರುವುದು ಯಾವಾಗಲೋ. ಮಧ್ಯೆ ಚೀನಾ ರೇಷ್ಮೆ ದರ ಇಳಿದರೆ ಮುಗಿಯಿತು. ಆಟೊಮ್ಯಾಟಿಕ್ ಯಂತ್ರಕ್ಕೆ ಸರ್ಕಾರ ಸಹಾಯಧನ ಕೊಡುತ್ತದೆ, ಆದರೆ ಅದಕ್ಕೆ ಹೊಟ್ಟೆ ತುಂಬ ಬೈವೋಲ್ಟೀನ್ ಗೂಡು ಹಾಕಬೇಕು. "ಯಂತ್ರಕ್ಕೆ ಸಾಲ ಕೊಡ್ತಾರೆ ಸಾರ್, ಗೂಡಿಗೆ ಕೊಡಲ್ಲ" ಅಂದರು ರೀಲರ್. ಭಾವ ಬಹಳ ಹೊತ್ತು ಮಾತಾಡಲಿಲ್ಲ. ಅವರೂ ಹಾಗೇ ಕೊಡದವರೇ ತಾನೆ.

ಮಧ್ಯಾಹ್ನ ರಾಮದೇವರ ಬೆಟ್ಟಕ್ಕೆ ಹೋದೆವು. 2012ರಲ್ಲಿ ರಣಹದ್ದುಗಳ ಧಾಮ ಅಂತ ಘೋಷಣೆಯಾದ ಜಾಗ. ಹದ್ದು ಕಾಣಲಿಲ್ಲ, ಮಳೆ ಚೆನ್ನಾಗಿ ಕಂಡಿತು. ಬಂಡೆಯ ಮೆಟ್ಟಿಲು ಒದ್ದೆಯಾದರೆ ಹತ್ತುವುದು ಬೇಡ, ಅರ್ಧದಿಂದಲೇ ವಾಪಸ್ ಬಂದೆವು. ಈ ಊರಿಗೆ ಬ್ರಿಟಿಷರ ಕಾಲದಲ್ಲಿ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ಕ್ಲೋಸ್‌ಪೇಟೆ ಅಂತ ಹೆಸರಿತ್ತು, ಅದಕ್ಕೂ ಮೊದಲು ಟಿಪ್ಪು ಕಾಲದಲ್ಲಿ ಶಂಸೇರಾಬಾದ್. ಭೂಗರ್ಭದವರು ಈ ಬಂಡೆಗೆ ಇನ್ನೂ ಕ್ಲೋಸ್‌ಪೇಟ್ ಗ್ರಾನೈಟ್ ಅಂತಲೇ ಅನ್ನುತ್ತಾರೆ. ಕೆಳಗೆ ಬಂದಾಗ ಮಾವಿನ ಹಣ್ಣಿನವಳು ಕೊನೆ ಬುಟ್ಟಿ ಅಂತ ಕಡಿಮೆಗೆ ಕೊಟ್ಟಳು. ಇಲ್ಲಿನ ಮಾವು ರಾಜ್ಯದಲ್ಲೇ ಮೊದಲು ಮಾರುಕಟ್ಟೆಗೆ ಬರುತ್ತದೆ, ಜೂನ್ ಹೊತ್ತಿಗೆ ಮರ ಖಾಲಿ.

ಮೂರನೇ ದಿನ: ಚನ್ನಪಟ್ಟಣ

ಹಳೇ ಹೆದ್ದಾರಿ ಇಷ್ಟು ಖಾಲಿ ಇರುವುದನ್ನು ನಾನು ನೋಡಿಯೇ ಇರಲಿಲ್ಲ. ಮಧ್ಯೆ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೆ ಹೊಕ್ಕು ಬಂದೆವು. ಬೆಳಗ್ಗೆಯೇ ಹೋದರೆ ಒನಕೆ, ಗುಡಾಣ, ತೊಗಲುಗೊಂಬೆ ಎಲ್ಲ ನಿಧಾನಕ್ಕೆ ನೋಡಬಹುದು.

ಚನ್ನಪಟ್ಟಣದ ಹೊರಗೆ ರಸ್ತೆ ಬದಿಯ ಬೊಂಬೆ ಅಂಗಡಿಗಳಲ್ಲಿ ಹಲವು ಮುಚ್ಚಿದ್ದವು. ಬಣ್ಣದ ಬೋರ್ಡು ಇದೆ, ಶಟರ್ ಕೆಳಗಿದೆ. ತೆರೆದಿದ್ದ ಒಂದರೊಳಗೆ ಹೋದೆವು. ಮರದ ಕುದುರೆ ಪಕ್ಕ ಪ್ಲಾಸ್ಟಿಕ್ ಜೆಸಿಬಿ, ಬ್ಯಾಟರಿ ಬಂದೂಕು. "ಅದನ್ನೂ ಇಡ್ಲೇಬೇಕು ಮೇಡಂ, ಮಕ್ಕಳು ಅದನ್ನೇ ಕೇಳ್ತಾರೆ." ಸುಮಾರು 22 ಕಿಲೋಮೀಟರಿನ ಬೈಪಾಸ್ ಅವರ ಅಂಗಡಿಯಿಂದ ಕಾಣುವುದೂ ಇಲ್ಲ. ಮೈಸೂರಿಗೆ ಮುಕ್ಕಾಲು ಗಂಟೆ ಉಳಿಸಿದವರ ಲೆಕ್ಕ ಪೇಪರಿನಲ್ಲಿ ಬರುತ್ತದೆ. ಆ ಮುಕ್ಕಾಲು ಗಂಟೆಯಲ್ಲೇ ಅಂಗಡಿ ನಡೆಸುತ್ತಿದ್ದವರ ಲೆಕ್ಕ ಯಾರು ಬರೆಯುತ್ತಾರೋ.

ಊರೊಳಗೆ ಚಹಾ ಕುಡಿಯುವಾಗ ಕೆರೆ ತುಂಬಿಸಿದ್ದು ಯಾರು ಅಂತ ಜಗಳ ನಡೆಯುತ್ತಿತ್ತು. ಶಿಂಷಾ ನದಿಗೆ ಇಗ್ಗಲೂರಿನಲ್ಲಿ ಅಣೆಕಟ್ಟೆ ಇದೆ. ಅಲ್ಲಿಂದ ನೀರೆತ್ತಿ ತಾಲ್ಲೂಕಿನ ಕೆರೆಗಳಿಗೆ ಬಿಡುತ್ತಾರೆ. ಕೆರೆ ತುಂಬಿದ ಮೇಲೆ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂತು ಅನ್ನುವುದರಲ್ಲಿ ಎಲ್ಲರೂ ಒಂದೇ. ಮಾಡಿದ್ದು ಯಾರು ಅನ್ನುವುದರಲ್ಲಿ ಬೆಂಚಿಗೊಂದು ಹೆಸರು. ನಾವು ಯಾವ ಹೆಸರೂ ಹೇಳದೆ ಚಹಾ ಮುಗಿಸಿದೆವು. ನೀವೂ ಹಾಗೇ ಮಾಡಿ.

ಬೊಂಬೆ ಕೆಲಸ ನೋಡಬೇಕಾದರೆ ಹೆದ್ದಾರಿ ಅಂಗಡಿ ಬಿಟ್ಟು ಕಲಾನಗರದ ಕಡೆ ಹೋಗಿ. ಟಿಪ್ಪು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದ ಅಂತ ಊರವರು ಹೇಳುತ್ತಾರೆ. ಆಮೇಲೆ ಬಾವಾಸ್ ಮಿಯಾನ್ ಜಪಾನಿನ ರೀತಿಯ ಕೆಲಸ ಕಲಿಸಿದರು ಅನ್ನುತ್ತಾರೆ. ಮುಂದೆ ನೆದರ್ಲೆಂಡ್ಸ್ ಸರ್ಕಾರದ ನೆರವು, ರಾಜ್ಯದ ವಿಶ್ವ ಯೋಜನೆಯ ಹಣ ಎರಡೂ ಬಂದವು. ನೀಲಸಂದ್ರದಲ್ಲಿ 32 ಲೇತ್ ಇರುವ ಅರಗಿನ ಕರಕುಶಲ ಕೇಂದ್ರವೂ ಆಯಿತು.

ನಾವು ಕೂತಿದ್ದು ಒಂದು ಮನೆಯ ಮುಂದಿನ ಸಣ್ಣ ಕೋಣೆಯಲ್ಲಿ. ಒಂದೇ ಲೇತ್. ಆಲೆ ಮರದ ತುಂಡು, ಎರಡು ಮೂರು ತಿಂಗಳು ಒಣಗಿಸಿದ್ದು. ತಿರುಗುತ್ತಿದ್ದ ಮರಕ್ಕೆ ಉಳಿ ತಾಗಿಸಿದ ಕೂಡಲೇ ಹೊಟ್ಟು ಸುರುಳಿ ಸುರುಳಿಯಾಗಿ ಹಾರಿ ಭಾವನ ತಲೆ ಮೇಲೆ ಕೂತಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಬುಗುರಿಯ ಹೊಟ್ಟೆ ಬಂತು. ಆಮೇಲೆ ಬಣ್ಣದ ಅರಗಿನ ಕಡ್ಡಿ ತಗೊಂಡು ತಿರುಗುವ ಮರಕ್ಕೆ ಒತ್ತಿದರು. ಉಜ್ಜಿದ ಬಿಸಿಗೆ ಅರಗು ಕರಗಿ ಅಂಟಿಕೊಂಡಿತು, ಸುಟ್ಟ ಜೇನುಮೇಣದಂಥ ವಾಸನೆ. ಮೊದಲು ಪಟ್ಟೆ ಪಟ್ಟೆಯಾಗಿ ಒರಟಾಗಿತ್ತು. ತಾಳೆ ಎಲೆಯ ತುಂಡು ಅದುಮಿ ಎರಡು ಸಲ ಆಚೀಚೆ ಮಾಡಿದರು. ಹಳದಿ ಹೊಳೆಯತೊಡಗಿತು, ನನ್ನ ಮುಖ ಅದರಲ್ಲಿ ಉದ್ದುದ್ದ ಕಂಡಿತು. ಈ ಹಳದಿ ಅರಿಶಿನದ್ದು, ಮಕ್ಕಳು ಬಾಯಿಗೆ ಹಾಕಿಕೊಂಡರೂ ಭಯವಿಲ್ಲ ಅಂದರು. ನಿಜವಾದ ಅರಗಿನ ಬೊಂಬೆಯನ್ನು ಉಗುರಿನಲ್ಲಿ ಕೆರೆದರೆ ಬಣ್ಣ ಸಿಪ್ಪೆ ಏಳುವುದಿಲ್ಲ. ಕೊಳ್ಳುವಾಗ ನೋಡಿ.

ವ್ಯಾಪಾರ ಹೇಗೆ? ಹೆದ್ದಾರಿಯ ಗಿರಾಕಿ ಹೋದದ್ದು ಇವರಿಗೆ ಅಷ್ಟು ತಟ್ಟಿಲ್ಲ. ಆರ್ಡರ್ ಬೆಂಗಳೂರಿನಿಂದ ಬರುತ್ತದೆ: ಶಿಶುವಿಹಾರಗಳು, ಆನ್‌ಲೈನಿನಲ್ಲಿ ಮಾರುವವರು. 2020ರಲ್ಲಿ ಆಮದು ಆಟಿಕೆ ಮೇಲಿನ ಸುಂಕ ಶೇ 20ರಿಂದ 60ಕ್ಕೆ ಏರಿದ ಮೇಲೆ ಚೀನಾ ಮಾಲು ಸ್ವಲ್ಪ ಹಿಂದೆ ಸರಿಯಿತು. 2021ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದಾಗ ಇವರು ಹೆದರಿದ್ದರಂತೆ. ಭೌಗೋಳಿಕ ಗುರುತು ಇರುವ ಕರಕುಶಲ ಬೊಂಬೆಗೆ ವಿನಾಯಿತಿ ಸಿಕ್ಕಿತು. ಕಷ್ಟ ಬೇರೆಯೇ. ಆಲೆ ಮರ ಸಿಗುತ್ತಿಲ್ಲ. ಮಗ ಬಿಡದಿ ಫ್ಯಾಕ್ಟರಿಗೆ ಹೋಗುತ್ತಾನೆ, ಲೇತ್ ಮುಂದೆ ಕೂರಲು ಒಲ್ಲ. ಇನ್ನೊಂದು, ಕೊಂಡವರು ದುಡ್ಡು ಬೇಗ ಕೊಡುವುದಿಲ್ಲ. ಭಾವನ ಕಿವಿ ನೆಟ್ಟಗಾಯಿತು. ಉದ್ಯಮ್, ಅಂದರೆ ಸಣ್ಣ ಉದ್ಯಮದ ಸರ್ಕಾರಿ ನೋಂದಣಿ ಮಾಡಿಸಿದ್ದೀರಾ ಅಂತ ಕೇಳಿದರು. ಲ್ಯಾಮಿನೇಟ್ ಮಾಡಿಸಿದ ಸರ್ಟಿಫಿಕೇಟ್ ಗೋಡೆ ಮೇಲೇ ತೂಗುತ್ತಿತ್ತು.

ಹೊರಡುವ ಹೊತ್ತಿಗೆ ಕರೆಂಟ್ ಹೋಯಿತು, ಹಿಂದೆಯೇ ಮಳೆ. ಪಾರ್ಸೆಲ್ ಒಯ್ಯಲು ಬರಬೇಕಿದ್ದ ಹುಡುಗ ಫೋನ್ ಮಾಡಿ ಇವತ್ತು ಆಗಲ್ಲ ಅಂದ. ಬಾಕ್ಸ್ ರಾಜರಾಜೇಶ್ವರಿ ನಗರಕ್ಕೆ ಹೋಗಬೇಕಿತ್ತು, ನಮ್ಮ ದಾರಿಯಲ್ಲೇ. ನಾವೇ ತಲುಪಿಸುತ್ತೇವೆ ಅಂದೆವು. ಗೊಬ್ಬರದ ಚೀಲ ಬಿಚ್ಚಿ ಸುತ್ತಿ, ಸುತಳಿ ಕಟ್ಟಿ, ಸ್ಕೂಟರಿನ ಮುಂದೆ ನಿಲ್ಲಿಸಿದರು. ನನ್ನ ಕಾಲಿಡಲು ಜಾಗವೇ ಇಲ್ಲ. ರಾಮನಗರದ ಕೆಳಸೇತುವೆಯಲ್ಲಿ ನೀರು ನಿಂತಿತ್ತು, ಸುತ್ತು ಹಾಕಿಕೊಂಡು ಬಿಡದಿ ಸೇರುವಾಗ ಕತ್ತಲು.

ರಾಜರಾಜೇಶ್ವರಿ ನಗರದಲ್ಲಿ ಬಾಗಿಲು ತೆಗೆದ ಹೆಂಗಸು ಬಾಕ್ಸ್ ಅಲ್ಲೇ ಬಿಚ್ಚಿ ಎಣಿಸಿದರು. ಪೇರಿಸುವ ಬಳೆ ಸರಿಯಿದೆ, ಗಿಲಕಿ ಸರಿಯಿದೆ, ಬುಗುರಿ ಒಂದು ಕಡಿಮೆ. ಫೋನ್ ಮಾಡಿದರೆ ಆ ಕಡೆಯಿಂದ ನಗು. ನಮಗೆ ತೋರಿಸಲು ಅಂತ ಮಾಡಿದ ಆ ಹಳದಿ ಬುಗುರಿ ಲೇತ್ ಮೇಲೇ ಉಳಿದಿತ್ತಂತೆ. ಆಯಮ್ಮನೂ ನಕ್ಕರು, ನಮಗೆ ಬಿಸಿ ಕಾಫಿ ಕೊಟ್ಟರು. ಭಾವ ಹೆಲ್ಮೆಟ್ ಹಾಕಿಕೊಂಡು ಮೆಟ್ಟಿಲು ಇಳಿಯುವಾಗ ಸುಮ್ನೆ ಕೇಳಿದರು: "ಅವರಿಗೆ ದುಡ್ಡು ಯಾವಾಗ ಹಾಕ್ತೀರಿ?"

"ಮಾಲು ಮಾರಿದ ಮೇಲೆ ಸಾರ್. ಎರಡು ಮೂರು ತಿಂಗಳಾಗುತ್ತೆ."

ಭಾವ ನಿಂತರು. ಹೆಲ್ಮೆಟ್ ತೆಗೆದರು. "ಸಣ್ಣ ಉದ್ಯಮದ ಕಾನೂನು 2006ರದ್ದು. 45 ದಿನ ದಾಟೋ ಹಾಗಿಲ್ಲ, ದಾಟಿದ್ರೆ ಬಡ್ಡಿ ಸೇರುತ್ತೆ" ಅನ್ನುತ್ತಾ ವಾಪಸ್ ಒಳಗೆ ಹೋಗಿ ಕೂತರು. ನಾನು ಇನ್ನೊಂದು ಲೋಟ ಕಾಫಿ ಕೇಳಿದೆ.